ಹಗಲಿನ ಕರೆಂಟು, ರಾತ್ರಿಯ ರೇಟು

ಬಯಲುಸೀಮೆಯ ತೋಟಗಳ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪಕ್ಕದಲ್ಲೇ ಆಟೋ ಸ್ಟಾರ್ಟರೂ ಕೂತಿರುತ್ತದೆ. ತ್ರೀ ಫೇಸ್ ಎಷ್ಟು ಹೊತ್ತಿಗೆ ಬಂದೀತೆಂದು ನಂಬಲಾಗದ ರೈತ ಕಂಡುಕೊಂಡ ದಾರಿ ಅದು. ಲೈನಿಗೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ತಿರುಗುತ್ತದೆ. ತೊಂದರೆಯೆಂದರೆ, ಅದೇ ಟ್ರಾನ್ಸ್‌ಫಾರ್ಮರಿಗೆ (ಟಿಸಿ) ಜೋಡಿಸಿದ ಅಕ್ಕಪಕ್ಕದ ಮೋಟಾರುಗಳೂ ಅದೇ ಗಳಿಗೆಗೆ ಏಳುತ್ತವೆ. ಲೋಡ್ ತಾಳದೆ ಟಿಸಿ ಸುಡುತ್ತದೆ, ಬೇರೆಯದು ಬರುವವರೆಗೆ ಬೆಳೆ ಬಾಡುತ್ತದೆ. ಆಟೋ ಸ್ಟಾರ್ಟರ್ ಇಲ್ಲದವರು ಅಪರಾತ್ರಿಯಲ್ಲಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ದಾರಿಯಲ್ಲಿ ಹಾವಿನ ಭಯ. ಕಾಡಂಚಿನ ಊರಾದರೆ ಆನೆಯ ಭಯವೂ ಸೇರುತ್ತದೆ.

ಇದೇ ರಾಜ್ಯದಲ್ಲಿ ನಡುಮಧ್ಯಾಹ್ನ ಸೌರ ವಿದ್ಯುತ್ತು ಧಾರಾಳವಾಗಿ ಸಿಗುತ್ತದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ತಿರುಮಣಿ, ವಳ್ಳೂರು ಸೇರಿದಂತೆ ಐದು ಊರುಗಳ ಸುಮಾರು 13,000 ಎಕರೆ ಜಮೀನನ್ನು ಸರ್ಕಾರ ಅಲ್ಲಿ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆ ಹಣ ಕೊಡುತ್ತಿದೆ. ಮಳೆಯೇ ಬಾರದ ಸೀಮೆಯಲ್ಲಿ ಬಿಸಿಲನ್ನೇ ಬೆಳೆಯಾಗಿಸಿದ ಈ ಯೋಜನೆಯನ್ನು ಮೆಚ್ಚಲೇಬೇಕು. ಆದರೆ ಆ ಬೆಳೆಯ ಕೊಯ್ಲು ಸಂಜೆ ಆರಕ್ಕೆ ಮುಗಿಯುತ್ತದೆ. ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ, ಎಸಿ ಜೋರಾಗುವುದು ಆಮೇಲೆ.

ಈ ಹೊತ್ತಿನ ಲೆಕ್ಕ ಹಿಂದೆ ಇಷ್ಟು ಕಾಡುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗ ಗಣಿಯ ಯಂತ್ರಗಳಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡದ್ದು ಆ ಕರೆಂಟಿನಿಂದಲೇ. ಮುಂದೆ ಶರಾವತಿ ಬಂತು. ಲಿಂಗನಮಕ್ಕಿ ಜಲಾಶಯದಲ್ಲಿ ನೀರಿದ್ದರೆ ಬೇಕೆಂದಾಗ ಗೇಟು ತೆರೆದು ಟರ್ಬೈನ್ ತಿರುಗಿಸಬಹುದು. ಎಂಬತ್ತರ ದಶಕದಲ್ಲಿ ರಾಯಚೂರಿನ ಕಲ್ಲಿದ್ದಲು ಘಟಕಗಳು ಸೇರಿಕೊಂಡವು. ಅಂಥ ಕಾಲಕ್ಕೆ ಯೂನಿಟ್ಟಿಗೆ ಇಷ್ಟು ಎಂದು ಒಂದೇ ಬೆಲೆ ಬರೆದರೆ ಸಾಕಾಗುತ್ತಿತ್ತು.

ಈಗ ವಿದ್ಯುತ್ ಮಾರುಕಟ್ಟೆಯಲ್ಲಿ ದಿನವನ್ನು ಹದಿನೈದು ನಿಮಿಷದ 96 ತುಂಡುಗಳಾಗಿ ಮಾಡಿ ಹರಾಜು ನಡೆಯುತ್ತದೆ. ಬಿಸಿಲಿನ ಹೊತ್ತಿಗೆ ಯೂನಿಟ್ ಎರಡು-ಮೂರು ರೂಪಾಯಿಗೆ ಇಳಿಯುವುದುಂಟು. ಬೇಸಿಗೆಯ ಸಂಜೆಗಳಲ್ಲಿ ಅದೇ ಯೂನಿಟ್ ಹತ್ತು ರೂಪಾಯಿ ಮುಟ್ಟಿ ನಿಲ್ಲುತ್ತದೆ. ನಿಲ್ಲುವುದು ಕೂಡ ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬ ಮಿತಿ ಇರುವುದರಿಂದ. ಕಲ್ಲಿದ್ದಲು ಘಟಕವನ್ನು ಮಧ್ಯಾಹ್ನ ಆರಿಸಿ ಸಂಜೆ ಮತ್ತೆ ಹೊತ್ತಿಸಲು ಬರುವುದಿಲ್ಲ. ಸಂಜೆಗೆ ಬೇಕೆಂಬ ಕಾರಣಕ್ಕೆ ಅದು ಮಧ್ಯಾಹ್ನವೂ ಅರ್ಧ ಉರಿಯಲ್ಲಿ ನಡೆಯುತ್ತಲೇ ಇರಬೇಕು.

ಇಷ್ಟೆಲ್ಲ ಏರಿಳಿತದಲ್ಲಿ ಮನೆಯ ಬಿಲ್ಲಿಗೆ ತಲುಪುವುದು ಏನೂ ಇಲ್ಲ. 2025-26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಜೊತೆಗೆ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಮೂರು ಕಿಲೋವ್ಯಾಟ್ ಮಂಜೂರಾದ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಆ ದರದಲ್ಲಿ ತಿಂಗಳಿಗೆ 435 ರೂಪಾಯಿ ತಪ್ಪದು. ಗೀಸರನ್ನು ಬೆಳಿಗ್ಗೆ ಏಳಕ್ಕೆ ಹಾಕಿದರೂ ಅಷ್ಟೇ, ಮಧ್ಯಾಹ್ನ ಒಂದಕ್ಕೆ ಹಾಕಿದರೂ ಅಷ್ಟೇ. 2023ರಲ್ಲಿ ಬಂದ ಗೃಹಜ್ಯೋತಿಯೂ 200 ಯೂನಿಟ್ಟಿನ ಗೆರೆ ಎಳೆದು ಗೆರೆ ದಾಟಿದವರಿಂದ ಪೂರ್ತಿ ಬಿಲ್ ಕೇಳುತ್ತದೆ. ಯಾವ ಹೊತ್ತಿನಲ್ಲಿ ಬಳಸಿದ್ದೀರಿ ಎಂದು ಅದೂ ಕೇಳುವುದಿಲ್ಲ.

ವಿದ್ಯುತ್ತಿನ ಮಾತು ಬಂದಾಗಲೆಲ್ಲ ಇಲ್ಲಿ ಜಗಳ ಒಂದೇ: ಪುಕ್ಕಟೆ ಕೊಡಬೇಕೋ ಬೇಡವೋ. ಒಬ್ಬರು ಖಜಾನೆ ಬರಿದಾಯಿತು ಎನ್ನುತ್ತಾರೆ, ಇನ್ನೊಬ್ಬರು ಬಡವನ ಹೊಟ್ಟೆ ನೋಡಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ರಾಜ್ಯದ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಆ ಬಾಬತ್ತಿನದು. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರೇ ಇಲ್ಲ, ಲೆಕ್ಕವೆಲ್ಲ ಅಂದಾಜಿನದು. ಆದರೂ ಈ ಲೋಡಿಗೆ ಬೇರೆ ಹಲವಕ್ಕೆ ಇಲ್ಲದ ಒಂದು ಗುಣವಿದೆ: ಅದನ್ನು ಹೊತ್ತು ನೋಡಿ ಸರಿಸಬಹುದು. ದೀಪವನ್ನು ಮಧ್ಯಾಹ್ನ ಹಚ್ಚಿ ರಾತ್ರಿ ಆರಿಸಿ ಎನ್ನಲಾಗದು. ಅಡಿಕೆ ತೋಟಕ್ಕೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀರು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಬಿಸಿಲಿಗೆ ಒಂದಿಷ್ಟು ನೀರು ಆವಿಯಾಗುವುದು ನಿಜ, ಹನಿ ನೀರಾವರಿಯಲ್ಲಿ ಅದೂ ಕಡಿಮೆ.

ಪಂಪ್‌ಸೆಟ್ಟುಗಳನ್ನು ಹಗಲಿಗೆ ಸರಿಸುವ ಕೆಲಸ ಶುರುವಾಗಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ನಿಲ್ಲಿಸಿ ಅಲ್ಲಿನ ಕೃಷಿ ಫೀಡರುಗಳಿಗೆ ಹಗಲಲ್ಲೇ ಏಳು ಗಂಟೆ ತ್ರೀ ಫೇಸ್ ಕೊಡುವುದು ಲೆಕ್ಕಾಚಾರ. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಇಂಥ ಘಟಕವೊಂದು ಉದ್ಘಾಟನೆಯಾಯಿತು. ದೂರದ ಪಾವಗಡದಿಂದ ತಂತಿಯುದ್ದಕ್ಕೂ ಸೋರುವ ನಷ್ಟವೂ ಇದರಲ್ಲಿ ತಪ್ಪುತ್ತದೆ. ಇದು ತಾಲ್ಲೂಕಿಗೊಂದರಂತೆ ರಿಬ್ಬನ್ ಕತ್ತರಿಸುತ್ತ ಹೋಗುವ ಕೆಲಸವಲ್ಲ, ಫೀಡರ್ ಫೀಡರಿಗೂ ಗಡುವು ಹಾಕಿ ಮುಗಿಸಬೇಕಾದದ್ದು.

ಇನ್ನು ಪೇಟೆಯ ಮನೆಗಳು. ಕೇಂದ್ರ ಸರ್ಕಾರ 2023ರಲ್ಲೇ ನಿಯಮ ತಿದ್ದಿ, ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕೆಂದು ಹೇಳಿದೆ. ಕೃಷಿಯನ್ನು ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲ್ ಒಂದರಿಂದ ಅನ್ವಯಿಸಬೇಕೆಂಬ ಗಡುವೂ ಅದರಲ್ಲಿತ್ತು. ಜೊತೆಗೆ ಸಂಜೆಯ ದರ ಏರಿದರೆ ಹಗಲಿಡೀ ದುಡಿಯಲು ಹೋಗುವ ಗಂಡ ಹೆಂಡತಿಗೆ ಅದು ದಂಡವಾಗುವ ಅಪಾಯವಿದೆ. ಆದ್ದರಿಂದ ಮೊದಲ ಕೆಲವು ವರ್ಷ ಹಗಲಿನ ರಿಯಾಯಿತಿ ಮಾತ್ರ ಕೊಟ್ಟು, ಸಂಜೆಯ ಹೆಚ್ಚುವರಿಯನ್ನು ದೊಡ್ಡ ಬಳಕೆದಾರರಿಗಷ್ಟೇ ಹಾಕುವುದು ಮೇಲು. ಮಧ್ಯಾಹ್ನ ನೀರು ತುಂಬಿಸುವ ಅಪಾರ್ಟ್‌ಮೆಂಟಿನ ಸಂಪಿಗೂ ಗಿರಣಿಯವನಿಗೂ ಅದರ ಲಾಭ ಕೂಡಲೇ ಸಿಗುತ್ತದೆ.

ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಉಳಿಸಲೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಹಗಲು ಮೇಲಿನ ತಳಕಳಲೆಗೆ ಎತ್ತಿ, ಸಂಜೆ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಲೆಕ್ಕ. ಇಂಥ ಏರ್ಪಾಟಿನಲ್ಲಿ ನಾಲ್ಕು ಯೂನಿಟ್ ಹಾಕಿದರೆ ಹೆಚ್ಚುಕಡಿಮೆ ಮೂರು ವಾಪಸು ಬರುತ್ತವೆ. ಜಾಗವೋ, ಸಿಂಗಳೀಕಗಳ ಅಭಯಾರಣ್ಯ. ಲಿಂಗನಮಕ್ಕಿಗೆ ಮನೆಮಠ ಬಿಟ್ಟುಕೊಟ್ಟವರ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಪಂಪ್‌ಸೆಟ್ಟುಗಳ ಸರದಿಯನ್ನು ಹಗಲಿಗೆ ಸರಿಸಿ, ಹೊತ್ತಿನ ದರ ಜಾರಿಯಾದ ಮೇಲೂ ಸಂಜೆಗೆ ಎಷ್ಟು ಕೊರತೆ ಬೀಳುತ್ತದೆ ಎಂಬ ಲೆಕ್ಕವನ್ನು ಸರ್ಕಾರ ಮೊದಲು ಜನರ ಮುಂದಿಡಲಿ. ಆ ಲೆಕ್ಕ ಬರುವವರೆಗೆ ಕಣಿವೆಯಲ್ಲಿ ಒಂದು ಮರಕ್ಕೂ ಗರಗಸ ತಾಗಕೂಡದು.