ಘಾಟಿ ಏರಲು ಎಷ್ಟು ಕುದುರೆ ಬೇಕು?

ಸಣ್ಣ ಕಾರಿನ ಇಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡುವ ಖಯಾಲಿಯೊಂದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ನಮ್ಮ ಯುವಕರಲ್ಲಿ ಬೇರೂರಿದೆ. ಮಳೆಗಾಲದ ಭಾನುವಾರಗಳಂದು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಜಿನಲ್ಲಿ ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಅಬ್ಬರ ಕಿವಿಗೆ ಬೀಳುತ್ತದೆ. ಮೂಲ ಸೈಲೆನ್ಸರು ಹೋಗಿ ಬಾಯ್ದೆರೆದ ಕೊಳವೆ ಬಂದಿರುತ್ತದೆ. ಬಾನೆಟ್ಟಿನ ಒಳಗೆ ಶಂಕುವಿನಾಕಾರದ ಏರ್ ಫಿಲ್ಟರು. ಇಂಜಿನ್ನಿನ ಗಣಕಕ್ಕೆ ಯಾವನೋ ಮಾರಿದ ‘ಚಿಪ್ಪು’. ಕಾರಾದರೋ ಎಂಟುನೂರು ಸಿಸಿಯದು, ಅಪ್ಪ ಅಡಿಕೆ ಮಾರಿದ ಹಣದಲ್ಲಿ ಕೊಂಡದ್ದು.

ಯುವಕರ ಉತ್ಸಾಹವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಯಂತ್ರವನ್ನು ಬಿಚ್ಚಿ ನೋಡುವ ಕುತೂಹಲವಿಲ್ಲದ ಊರು ಹಾಳೂರು. ನಮ್ಮ ತಕರಾರು ಇರುವುದು ಆ ಕುತೂಹಲವನ್ನು ಬಂಡವಾಳ ಮಾಡಿಕೊಂಡು ಸುಳ್ಳು ಮಾರುವ ದಂಧೆಯ ಬಗ್ಗೆ, ಆ ಸುಳ್ಳಿಗಾಗಿ ಇಡೀ ಘಟ್ಟದ ತಪ್ಪಲು ತೆರುತ್ತಿರುವ ಬೆಲೆಯ ಬಗ್ಗೆ.

ಮೊದಲು ಈ ಇಂಜಿನ್ನು ನಮ್ಮ ಊರಿಗೆ ಹೇಗೆ ಬಂತೆಂಬುದನ್ನು ನೆನೆಯೋಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರಲ್ಲಿದ್ದುದು ಕಾರ್ಬ್ಯುರೇಟರು. ಗಾಳಿಯ ಸೆಳೆತಕ್ಕೆ ಪೆಟ್ರೋಲು ತಾನಾಗಿ ಬೆರೆಯುವ ಆ ಉಪಕರಣಕ್ಕೆ ಲೆಕ್ಕವೆಂಬುದು ಅಷ್ಟಕ್ಕಷ್ಟೆ. ಜೆಟ್ಟು ದೊಡ್ಡದು ಮಾಡಿದರೆ ಎಳೆತ ಹೆಚ್ಚು, ಸಣ್ಣದು ಮಾಡಿದರೆ ಮೈಲೇಜು ಹೆಚ್ಚು ಎಂಬುದು ಅಂದಿನ ಗ್ಯಾರೇಜುಗಳ ವೇದಾಂತ. ಅದನ್ನು ಬದಲಿಸಿದ್ದು ಕಾರು ಕಂಪೆನಿಗಳ ಔದಾರ್ಯವಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರ ಏಪ್ರಿಲ್ 29ರಂದು ದೆಹಲಿ ವಲಯದ ಖಾಸಗಿ ಕಾರುಗಳಿಗೆ ಯೂರೋ ಮಾನದಂಡವನ್ನು ವಿಧಿಸಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಹೊಗೆಯನ್ನು ಹದಕ್ಕೆ ತರಬೇಕಾದರೆ ಪೆಟ್ರೋಲನ್ನು ಅಳೆದು ಚಿಮ್ಮಿಸಲೇಬೇಕಾಯಿತು. ಕಾರಿನ ಹಿಂಬದಿಯಲ್ಲಿ ‘ಎಂಪಿಎಫ್‌ಐ’ ಎಂಬ ನಾಲ್ಕಕ್ಷರ ಮಿರುಗಿದ್ದು ಆಗ. ಅದನ್ನು ಶಕ್ತಿಯ ಬಿರುದೆಂದು ಬಗೆದವರೇ ಹೆಚ್ಚು. ವಸ್ತುತಃ ಅದು ಜನರ ಉಸಿರಿಗಾಗಿ ನಡೆದ ಹೋರಾಟವೊಂದರ ಗೆಲುವಿನ ಗುರುತು.

ಆ ಇಂಜಿನ್ನು ಕೆಲಸ ಮಾಡುವ ಬಗೆ ಸರಳವಾದುದು. ಒಳಹೋಗುವ ಗಾಳಿಯ ಒತ್ತಡವನ್ನೂ ಕಾವನ್ನೂ ಸಂವೇದಕಗಳು ಅಳೆಯುತ್ತವೆ. ಗಣಕವು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಚಿಮ್ಮಿಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತೆಂದು ಇನ್ನೊಂದು ಸಂವೇದಕ ವರದಿ ಮಾಡುತ್ತದೆ. ಗಣಕ ತನ್ನ ಲೆಕ್ಕವನ್ನು ಕೂಡಲೇ ತಿದ್ದಿಕೊಳ್ಳುತ್ತದೆ. ಅದು ಕಾಯುವ ಹದ, 1 ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ. ಈ ಹಟ ಏಕೆಂದರೆ, ಸೈಲೆನ್ಸರಿನ ಮುಂದೆ ಕುಳಿತಿರುವ ಕ್ಯಾಟಲಿಟಿಕ್ ಕನ್ವರ್ಟರು ಸರಿಯಾಗಿ ದುಡಿಯುವುದು ಈ ಹದದ ಆಸುಪಾಸಿನಲ್ಲಿ ಮಾತ್ರ. ಜೇನುಹಲ್ಲೆಯಂತಹ ಆ ಪಿಂಗಾಣಿ ಗಟ್ಟಿಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳುಲೇಪವಿದೆ. ಕಾರ್ಬನ್ ಮೊನಾಕ್ಸೈಡು, ಉರಿಯದೆ ಉಳಿದ ಪೆಟ್ರೋಲು, ನೈಟ್ರೋಜನ್ ಆಕ್ಸೈಡು ಈ ಮೂರನ್ನೂ ಕಾದ ಕನ್ವರ್ಟರು ನೂರಕ್ಕೆ ತೊಂಬತ್ತರಷ್ಟು ನಿವಾರಿಸಬಲ್ಲುದು.

ಚಿಪ್ಪು ಮಾರುವವನ ಕೈಚಳಕವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಾವಿರಾರು ರೂಪಾಯಿಗೆ ಬಿಕರಿಯಾಗುವ ಅನೇಕ ಪೆಟ್ಟಿಗೆಗಳ ಒಳಗಿರುವುದು ಕೆಲವೇ ರೂಪಾಯಿಯ ಒಂದು ರೆಸಿಸ್ಟರು. ಗಾಳಿಯ ಕಾವನ್ನು ಅಳೆಯುವ ತಂತಿಗೆ ಅದನ್ನು ಸಿಕ್ಕಿಸಿದರೆ, ಗಣಕವು ಹೊರಗೆ ಕಡುಚಳಿಯಿದೆ, ಗಾಳಿ ದಟ್ಟವಾಗಿದೆ ಎಂದು ಭ್ರಮಿಸಿ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಬಂಟ್ವಾಳದ ಏಪ್ರಿಲ್ ಸೆಖೆಯಲ್ಲಿ ಕಾರಿಗೆ ಹಿಮಾಲಯದ ಕನಸು! ಸಾಧಾರಣ ಓಟದಲ್ಲಿ ಆಮ್ಲಜನಕದ ಸಂವೇದಕವು ಈ ಮೋಸವನ್ನು ಹಿಡಿದು ಹೆಚ್ಚುವರಿಯನ್ನು ಕಡಿತ ಮಾಡುತ್ತದೆ, ಲಾಭ ಸೊನ್ನೆ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಗಣಕವು ಸಂವೇದಕದ ಮಾತನ್ನು ಬದಿಗಿಟ್ಟು ತಾನೇ ಪೆಟ್ರೋಲನ್ನು ಹೆಚ್ಚಿಸುವ ಕ್ರಮ ಮೊದಲೇ ಇದೆ. ಅದರ ಮೇಲೆ ಇನ್ನಷ್ಟು ಸುರಿದರೆ ಮಸಿ, ಕರಿಯಾದ ಪ್ಲಗ್ಗು, ಪೆಟ್ರೋಲು ಬೆರೆತು ತೆಳುವಾದ ಇಂಜಿನ್ ಆಯಿಲು, ಕಾದು ಕರಗುವ ಕನ್ವರ್ಟರು. ಡ್ಯಾಷ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬೇರೊಂದು ಪೆಟ್ಟಿಗೆಯಂತೂ ದೀಪ ಮಿನುಗಿಸುವುದರ ಹೊರತು ಏನನ್ನೂ ಮಾಡುವುದಿಲ್ಲ. ಅದೇ ಇದ್ದುದರಲ್ಲಿ ನಿರುಪದ್ರವಿ ಎನ್ನಬೇಕು.

ಗಣಕದ ಲೆಕ್ಕಪಟ್ಟಿಯನ್ನೇ ತಿದ್ದಿ ಬರೆಯುವ ಬಲ್ಲವರೂ ಇದ್ದಾರೆ, ನಿಜ. ಟರ್ಬೊ ಇರುವ ಇಂಜಿನ್ನಿನಲ್ಲಿ ಅದರಿಂದ ಎದ್ದುಕಾಣುವ ಶಕ್ತಿ ಬರುತ್ತದೆ, ಏಕೆಂದರೆ ಅಲ್ಲಿ ಗಾಳಿಯನ್ನೇ ಹೆಚ್ಚು ತುರುಕಬಹುದು. ಟರ್ಬೊ ಇಲ್ಲದ ಎಂಟುನೂರು ಸಿಸಿಯ ಇಂಜಿನ್ನು ಎಂಟುನೂರು ಸಿಸಿಯ ಗಾಳಿಯನ್ನಷ್ಟೇ ಸೇದಬಲ್ಲುದು; ಗಾಳಿಯಿಲ್ಲದೆ ಪೆಟ್ರೋಲು ಉರಿಯದು. ಎಷ್ಟೇ ತಿದ್ದಿದರೂ ನೂರಕ್ಕೆ ಐದು ಬಂದರೆ ಅದೇ ದೊಡ್ಡದು. 46 ಅಶ್ವಶಕ್ತಿಯ ಆಲ್ಟೋದಲ್ಲಿ ಅದು ಎರಡು ಚಿಲ್ಲರೆ ಕುದುರೆಯಾಯಿತು. ಕಾರ್ಖಾನೆಯವರೇ ಹಳೆಯ ಮಾರುತಿಯ 37 ಅಶ್ವಶಕ್ತಿಯನ್ನು 45ಕ್ಕೆ ಏರಿಸಬೇಕಾದಾಗ ಆರು ವಾಲ್ವುಗಳ ಜಾಗದಲ್ಲಿ ಹನ್ನೆರಡು ವಾಲ್ವುಗಳ ತಲೆಯನ್ನೇ ಕೂರಿಸಬೇಕಾಯಿತು. ಗ್ಯಾರೇಜಿನ ಹುಡುಗ ಅದನ್ನು ಒಂದು ತಂತಿಯಲ್ಲಿ ಮಾಡುವನೆಂದು ನಂಬುವವರಿಗೆ ಏನು ಹೇಳೋಣ!

ಇನ್ನು, ಘಾಟಿ ಏರಲು ನಿಜವಾಗಿ ಎಷ್ಟು ಕುದುರೆ ಬೇಕು? ವಿದ್ಯಾರ್ಥಿ ಮಿತ್ರರು ಪೆನ್ಸಿಲು ಹಿಡಿದು ಈ ಲೆಕ್ಕವನ್ನು ಮಾಡಿ ನೋಡಬಹುದು. ಜನರನ್ನು ಹೊತ್ತ ಕಾರಿನ ತೂಕ 1000 ಕಿಲೋ. 12 ಮೀಟರು ಸಾಗಿದಾಗ 1 ಮೀಟರು ಏರುವ ಕಡಿದಾದ ದಾರಿ. ವೇಗ ಗಂಟೆಗೆ 40 ಕಿಲೋಮೀಟರು. ಘಾಟಿಯ ತಿರುವುಗಳಲ್ಲಿ ಅದಕ್ಕಿಂತ ಹೆಚ್ಚು ಓಡಿಸುವವನು ಮನೆಗೆ ಮರಳುವ ಇಚ್ಛೆಯಿಲ್ಲದವನು. ಸೆಕೆಂಡಿಗೆ 11.1 ಮೀಟರು ಸಾಗುವ ಕಾರು ಅಷ್ಟರಲ್ಲಿ 0.93 ಮೀಟರು ಮೇಲೇರುತ್ತದೆ. 75 ಕಿಲೋ ತೂಕವನ್ನು ಸೆಕೆಂಡಿಗೆ 1 ಮೀಟರು ಎತ್ತುವುದೇ ಒಂದು ಅಶ್ವಶಕ್ತಿ. ಭಾಗಿಸಿದರೆ ಹನ್ನೆರಡೂವರೆಯೊಳಗೆ ಬರುತ್ತದೆ. ಚಕ್ರದ ತಿಕ್ಕಾಟಕ್ಕೂ ಗಾಳಿಯ ತಡೆಗೂ ಮೂರು, ಗೇರುಪೆಟ್ಟಿಗೆಯಲ್ಲಿ ನಷ್ಟವಾಗುವುದು ಮೂರು. ಒಟ್ಟು ಹದಿನೆಂಟು. ಕೊಟ್ಟಿಗೆಹಾರದ ಎತ್ತರದಲ್ಲಿ ಗಾಳಿ ತೆಳುವಾಗಿ ನೂರಕ್ಕೆ ಹತ್ತರಷ್ಟು ಶಕ್ತಿ ಕುಂದಿದರೂ ನಿಮ್ಮ ಕಾರಿನಲ್ಲಿ ನಲವತ್ತು ಉಳಿದಿರುತ್ತದೆ.

ಹಾಗಿದ್ದರೆ ಕಾರು ಏದುಸಿರು ಬಿಡುವುದೇಕೆ? ಕಾರಣ ಇಂಜಿನ್ನಿನಲ್ಲಿಲ್ಲ, ಎಡಗೈಯಲ್ಲಿದೆ. ‘ಮೇಲಿನ ಗೇರಿನಲ್ಲಿ ಹೋದರೆ ಪೆಟ್ರೋಲು ಉಳಿಯುತ್ತದೆ’ ಎಂಬ ಹಳೆಯ ನಂಬಿಕೆಯಿಂದ ನಮ್ಮವರು ಏರಿನಲ್ಲೂ ನಾಲ್ಕನೇ ಗೇರನ್ನು ಬಿಡರು. ಇಂಜಿನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ನರಳುತ್ತಿರುವಾಗ ಅದು ಕೊಡಬಲ್ಲುದು ಹತ್ತು ಹನ್ನೊಂದು ಅಶ್ವಶಕ್ತಿ ಮಾತ್ರ. ಎರಡನೇ ಗೇರಿಗೆ ಇಳಿಸಿರಿ. 3000 ಸುತ್ತಿಗೆ ಏರಿದ ಅದೇ ಇಂಜಿನ್ನು ಇಪ್ಪತ್ತಾರು ಕೊಡುತ್ತದೆ. ಕಾಸು ಖರ್ಚಿಲ್ಲದೆ ಹದಿನೈದು ಕುದುರೆ! ಎ.ಸಿ.ಯ ಕಂಪ್ರೆಸರು ಮೂರು ನಾಲ್ಕನ್ನು ನುಂಗುತ್ತದೆ. ಏರಿನಲ್ಲಿ ಅದನ್ನು ಆರಿಸಿದರೆ ಚಿಪ್ಪಿನವನು ಕೊಡುವೆನೆಂದುದಕ್ಕಿಂತ ಹೆಚ್ಚೇ ಸಿಕ್ಕಿತು. ಹೊರಗೆ ಘಟ್ಟದ ತಂಗಾಳಿ ಇರುವಾಗ ಗಾಜು ಮುಚ್ಚಿಕೊಳ್ಳುವುದೇಕೋ ನಮಗಂತೂ ತಿಳಿಯದು.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಮುರಕಲ್ಲಿನ ಕೆಂಧೂಳು ಬೇಸಿಗೆಯಲ್ಲಿ ಏರ್ ಫಿಲ್ಟರಿಗೆ ಗೋಡೆ ಕಟ್ಟುತ್ತದೆ. ಎಂಪಿಎಫ್‌ಐ ಇಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೆ ಗಣಕವು ಪೆಟ್ರೋಲನ್ನೂ ಕಡಿಮೆ ಮಾಡುವುದರಿಂದ ಮೈಲೇಜಿನಲ್ಲಿ ವ್ಯತ್ಯಾಸ ತೋರದು, ಶಕ್ತಿ ಮಾತ್ರ ಸದ್ದಿಲ್ಲದೆ ಸೋರಿಹೋಗುತ್ತದೆ. ಕೈಪಿಡಿಯಲ್ಲಿ ಬರೆದ ಅವಧಿಯ ಅರ್ಧಕ್ಕೇ ಹೊಸ ಫಿಲ್ಟರು ಹಾಕಿಸಿರಿ; ತೆರೆದ ಶಂಕುವನ್ನು ಮಾತ್ರ ಬೇಡಿರಿ. ಬಾನೆಟ್ಟಿನೊಳಗಿನ ಬಿಸಿಗಾಳಿ ಸೇದುವ ಅದು ಶಕ್ತಿಯನ್ನು ತಗ್ಗಿಸುತ್ತದೆ. ಬಂಪರಿನ ತಗ್ಗಿಗೆ ಕೊಳವೆ ಇಳಿಸಿದರೆ ಆಷಾಢದಲ್ಲಿ ರಸ್ತೆಯ ನೀರನ್ನೇ ಸೇದಿ ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ಇತ್ತೀಚೆಗೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ‘ಕಾರು ಎಳೆಯುವುದಿಲ್ಲ’ ಎಂಬ ದೂರು ಹೆಚ್ಚಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದಂಶ ಕಡಿಮೆ ಕಸುವಿರುವುದರಿಂದ ಲೀಟರಿಗೆ ಆರೇಳು ಪಾಲು ಕುಂದುವುದು ಸಹಜ. ಹಳೆಯ ಕಾರುಗಳ ರಬ್ಬರಿನ ಕೊಳವೆಗಳನ್ನು ಪರೀಕ್ಷಿಸಿಕೊಳ್ಳುವುದೂ ಅಗತ್ಯ. ಆದರೆ ಆ ಕೊರತೆಗೆ ಮದ್ದು ಚಿಪ್ಪಿನ ಅಂಗಡಿಯಲ್ಲಿಲ್ಲ.

ಇಷ್ಟರವರೆಗಿನದು ಕಿಸೆಯ ನಷ್ಟ. ಕನ್ವರ್ಟರನ್ನು ಕಿತ್ತುಹಾಕುವುದು ಊರಿನ ನಷ್ಟ. ‘ಅದು ಹೊಗೆಯನ್ನು ತಡೆಯುತ್ತದೆ, ಇಂಜಿನ್ನಿನ ಕುತ್ತಿಗೆ ಹಿಚುಕುತ್ತದೆ’ ಎಂದು ಹೇಳಿ, ಡಬ್ಬಿಯನ್ನು ಕೊಯ್ದು, ಒಳಗಿನ ಜೇನುಹಲ್ಲೆಯನ್ನು ತೆಗೆದು, ಟೊಳ್ಳು ಡಬ್ಬಿಯನ್ನು ಮತ್ತೆ ಬೆಸುಗೆ ಹಾಕುವುದು ಈ ಕಸುಬಿನ ಅತ್ಯಂತ ಹೇಯವಾದ ಭಾಗ. ಹೊರಗಿನಿಂದ ಏನೂ ಕಾಣಿಸದು. ತೆಗೆದ ಗಟ್ಟಿಯಲ್ಲಿರುವ ಅಮೂಲ್ಯ ಲೋಹಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ಅಂದರೆ ಕೊಯ್ದವನಿಗೆ ಎರಡು ಕಡೆಯ ಸಂಪಾದನೆ. ಕೊಯ್ಯಿಸಿಕೊಂಡವನಿಗೆ ಸಿಕ್ಕಿದ್ದು ಸದ್ದು. ಆ ಸದ್ದನ್ನೇ ಅವನು ಶಕ್ತಿಯೆಂದು ತಿಳಿಯುತ್ತಾನೆ. ಆ ಲೋಹಗಳ ಬಹುಪಾಲು ಬರುವುದು ದಕ್ಷಿಣ ಆಫ್ರಿಕಾದ ಗಣಿಗಳಿಂದ. ಅಲ್ಲಿನ ಮರಿಕಾನಾ ಎಂಬಲ್ಲಿ ಮುಷ್ಕರ ಹೂಡಿದ್ದ ಪ್ಲಾಟಿನಂ ಗಣಿಯ ಕಾರ್ಮಿಕರ ಮೇಲೆ 2012ರ ಆಗಸ್ಟ್ 16ರಂದು ಪೊಲೀಸರು ಗುಂಡು ಹಾರಿಸಿ 34 ಮಂದಿಯನ್ನು ಕೊಂದರು. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಿದ ಸೀಮೆಯವರು ನಾವು. ಇನ್ನೊಂದು ನಾಡಿನ ಒಡಲು ಬಗೆದು ತಂದ ಲೋಹವನ್ನು ನಮ್ಮ ಮಕ್ಕಳ ಉಸಿರಿನ ಕಾವಲಿನಿಂದ ಕಿತ್ತು ಗುಜರಿಗೆ ಹಾಕುವುದನ್ನು ನೋಡಿಯೂ ಸುಮ್ಮನಿರಬೇಕೇ?

‘ದಿನವೂ ಶಿರಾಡಿಯಲ್ಲಿ ಸಾಲುಗಟ್ಟುವ ಟ್ಯಾಂಕರುಗಳನ್ನು ಬಿಟ್ಟು ನಾಲ್ಕು ಹುಡುಗರ ಕಾರಿನ ಮೇಲೇಕೆ ಸಿಟ್ಟು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಟ್ಯಾಂಕರುಗಳ ಮೇಲಿನ ಸಿಟ್ಟೇನೂ ಕಡಿಮೆಯಾಗಿಲ್ಲ. ಆದರೆ ನೂರರಲ್ಲಿ ತೊಂಬತ್ತನ್ನು ತಡೆಯುವ ಸಾಧನವನ್ನು ಕಿತ್ತರೆ ಒಂದು ಕಾರು ಹತ್ತು ಕಾರುಗಳ ಹೊಗೆ ಕಾರುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಗಣಿತ. ಅಂತಹ ಹತ್ತು ಕಾರುಗಳು ಚಾರ್ಮಾಡಿ ಏರಿದರೆ ನೂರು ಏರಿದಂತೆ. ಹಾಗೆ ನೋಡಿದರೆ, ಏನನ್ನೂ ಕೀಳದ ಕಾರನ್ನು ಪೂರ್ತಿ ತುಳಿದು ಏರಿಸಿದರೂ ಪೆಟ್ರೋಲು ಹದ ಮೀರಿ ಕನ್ವರ್ಟರು ಸೋಲುತ್ತದೆ. 2019ರ ಆಗಸ್ಟಿನ ಮಳೆಗೆ ಅಲ್ಲಲ್ಲಿ ಕುಸಿದು ಸಂಚಾರ ನಿಂತಿದ್ದ ಗುಡ್ಡ ಅದು. ಅಲ್ಲಿ ವೇಗವನ್ನು ಬಯಸುವ ಕಾರು ನಾಳೆ ಅಗಲವಾದ ರಸ್ತೆಯನ್ನೂ ಬಯಸುತ್ತದೆ. ರಸ್ತೆ ಅಗಲವಾದರೆ ಗುಡ್ಡದ ಬುಡಕ್ಕೆ ಮತ್ತೆ ಜೆಸಿಬಿ.

ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನುವವರಿಗೂ ಉತ್ತರವಿದೆ. ಪೆಟ್ರೋಲು ಕಾರನ್ನು ನಿಲ್ಲಿಸಿ, ಭಾರವಿಲ್ಲದೆ ಇಂಜಿನ್ನು ತಿರುಗಿಸಿ ಮಾಡುವ ಆ ತಪಾಸಣೆ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಏರಿನಲ್ಲಿ ಕಾರು ಏನು ಕಾರುತ್ತದೆಂಬುದು ಆ ಚೀಟಿಗೆ ತಿಳಿಯದು. ಕಾನೂನಿನ ಕೊರತೆಯಂತೂ ಇಲ್ಲ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ಆದರೆ ರಸ್ತೆಬದಿಯಲ್ಲಿ ನಿಂತ ಪೊಲೀಸರಿಗೆ ಕೇಳಿಸುವುದು ಸೈಲೆನ್ಸರಿನ ಸದ್ದು ಮಾತ್ರ. ಟೊಳ್ಳಾದ ಕನ್ವರ್ಟರಿಗೆ ಸದ್ದಡಗಿಸುವ ಸೈಲೆನ್ಸರು ಜೋಡಿಸಿದರೆ ಯಾರಿಗೂ ಏನೂ ತಿಳಿಯದು. ದಂಡ ಹುಡುಗನಿಗೆ, ಗುಜರಿಯ ಲಾಭ ಕೊಯ್ದವನಿಗೆ ಎಂಬ ಈ ಏರ್ಪಾಡಿನಲ್ಲಿ ನ್ಯಾಯವೆಲ್ಲಿದೆ? ಆದುದರಿಂದ ತಪಾಸಣೆ ಆರಂಭವಾಗಬೇಕಾದದ್ದು ಕನ್ವರ್ಟರು ಕೊಯ್ಯುವ ಕಡೆಯಿಂದ, ಅದನ್ನು ಕೊಳ್ಳುವ ಗುಜರಿಯಿಂದ.

ಮೂಡಬಿದಿರೆ, ಉಜಿರೆಗಳ ಕಾಲೇಜು ವಿದ್ಯಾರ್ಥಿಗಳಿಂದ ನಾವು ಬೇಡುವುದು ಇನ್ನೂ ಸಣ್ಣದು. ಚಿಪ್ಪು ಹಾಕಿಸುವ ಮುನ್ನ, ಊರಿನ ಯಾವುದಾದರೂ ನಿರ್ಜನವಾದ ನೇರ ಏರಿನಲ್ಲಿ, ಅದೇ ಕಾರು, ಅದೇ ನಾಲ್ವರು, ಅದೇ ಎರಡನೇ ಗೇರು, ಕೈಯಲ್ಲೊಂದು ಸ್ಟಾಪ್‌ವಾಚು. ಏರಿನ ಬುಡದಲ್ಲಿ ಗಂಟೆಗೆ 20 ಕಿಲೋಮೀಟರು ವೇಗದಿಂದ ಹೊರಟು 40 ಮುಟ್ಟಲು ಎಷ್ಟು ಸೆಕೆಂಡು ಬೇಕಾಯಿತೆಂದು ಐದು ಸಲ ಬರೆದಿಡಿರಿ. ಹಾಕಿಸಿದ ಮೇಲೆ ಮತ್ತೆ ಐದು ಸಲ. ಮಾರುವವರೂ ಜೊತೆಗೆ ಬರಲಿ, ಪೆಟ್ರೋಲಿನ ಖರ್ಚನ್ನು ಅವರೇ ಕೊಡಲಿ. ಎರಡೂ ಪಟ್ಟಿಗಳನ್ನು ಕಾರಿನ ಮಾದರಿಯ ಸಮೇತ ನಮಗೆ ಕಳುಹಿಸಿರಿ. ಅಂಕಿ ಯಾರ ಪರವಾಗಿದ್ದರೂ ಇದೇ ಪುಟದಲ್ಲಿ ಅಚ್ಚಾಗುತ್ತದೆ.