ಟಿಕ್ ಮೊದಲು, ಇನ್ಸುಲಿನ್ ಆಮೇಲೆ

ರಜೆಯಲ್ಲಿ ಕುಂದಾಪುರಕ್ಕೆ ಬಂದಾಗಲೆಲ್ಲ ಈ ಮಾತು ಕೇಳಬೇಕು: "ಈಗಿನ ನರ್ಸುಗಳು ರೋಗಿಯ ಮುಖ ನೋಡುವುದಿಲ್ಲ ಮಾರಾಯ್ತಿ, ಕಂಪ್ಯೂಟರ್ ನೋಡ್ತಾರೆ." ಹೌದು, ನೋಡ್ತೇವೆ. ಮುಂಬಯಿಯ ವಾರ್ಡುಗಳಲ್ಲಿ 22 ವರ್ಷ ಕಳೆದ ನಾನೂ ನೋಡ್ತೇನೆ. ಯಾಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕಂಪ್ಯೂಟರ್ ಬಂದಾಗ ಬರೆಯುವ ಕೆಲಸ ತಪ್ಪುತ್ತದೆ ಅಂದಿದ್ದರು. ತಪ್ಪಿತೇ? ಬಿ.ಪಿ., ಜ್ವರವನ್ನು ಹಾಸಿಗೆಯ ಹತ್ತಿರ ಹಾಳೆಯಲ್ಲಿ ಬರೆಯಬೇಕು, ಕೌಂಟರಿಗೆ ಬಂದು ಅದನ್ನೇ ಟೈಪ್ ಮಾಡಬೇಕು, ವಾಟ್ಸಾಪ್ ಗುಂಪಿಗೂ ಹಾಕಬೇಕು. ವಿಮೆಯವರಿಗೆ ಸಹಿ ಇರುವ ಕಾಗದವೇ ಬೇಕಂತೆ! ಪಾಳಿ ಮುಗಿಸಿ ಡೊಂಬಿವಲಿ ಲೋಕಲ್‌ನಲ್ಲಿ ನಿಂತಿದ್ದರೂ ಫೋನ್ ಗುಂಯ್‌ಗುಡುತ್ತದೆ: "ಸಿಸ್ಟರ್, 14ನೇ ಬೆಡ್ಡಿನ ಎಂಟ್ರಿ ಬಾಕಿ ಇದೆ."

ಯಂತ್ರವನ್ನು ಬೈಯುತ್ತಿಲ್ಲ. ಡಾಕ್ಟರರ ಅಕ್ಷರ ಓದುವ ಶಿಕ್ಷೆ ತಪ್ಪಿತಲ್ಲ, ಅದೊಂದು ಪುಣ್ಯ.

ಆದರೆ ಆ ಕೆಂಪು ಚೌಕ ಇದೆಯಲ್ಲ! ಔಷಧಿ ಕೊಟ್ಟ ಟಿಕ್ ಒಂದು ಗಂಟೆಯೊಳಗೆ ಬೀಳದಿದ್ದರೆ ಪರದೆ ಕೆಂಪಾಗುತ್ತದೆ. ಯಾರದು ಎಷ್ಟು ಕೆಂಪು ಅಂತ ತಿಂಗಳ ಕೊನೆಗೆ ಹೆಸರು ಹಿಡಿದು ಓದುತ್ತಾರೆ. ರಾತ್ರಿ 28 ರೋಗಿಗಳಿಗೆ ನಾವು ಇಬ್ಬರು. ಹೀಗಾಗಿ ಎಲ್ಲರೂ ಒಂದು ಉಪಾಯ ಕಲಿತೆವು: ಟಿಕ್ ಮೊದಲು, ಔಷಧಿ ಆಮೇಲೆ.

ಒಂದು ರಾತ್ರಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರ ಹತ್ತು ಗಂಟೆಯ ಇನ್ಸುಲಿನ್‌ಗೆ ಟಿಕ್ ಹಾಕಿ ಎದ್ದೆ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಒಬ್ಬರಿಗೆ ಉಸಿರು ಕಟ್ಟಿತು, ಓಡಿದೆ. ಆ ಗಡಿಬಿಡಿಯಲ್ಲಿ ಅಜ್ಜಿ ಮರೆತೇಹೋದರು. ಜೊತೆಯವಳು ಪರದೆ ನೋಡಿ, ಕೊಟ್ಟಾಗಿದೆ ಅಂದುಕೊಂಡಳು. ಬೆಳಿಗ್ಗೆ ಸಕ್ಕರೆ 380. ಅಜ್ಜಿ ಸುಧಾರಿಸಿಕೊಂಡರು, ದೇವರು ದೊಡ್ಡವನು. ನಾನೇ ಹೋಗಿ ಹೇಳಿದೆ, ಮೆಮೋ ಸಿಕ್ಕಿತು. ತಪ್ಪು ನನ್ನದೇ. ಆದರೆ ಆ ತಿಂಗಳ ವರದಿಯಲ್ಲಿ ನನ್ನ ಹೆಸರಿನ ಮುಂದೆ ಪೂರ್ತಿ ಹಸಿರು!

ಇದು ಮುಂಬಯಿಯ ರಗಳೆ ಅಂತ ಕೈ ತೊಳೆದುಕೊಳ್ಳಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರು ಸಂಬಳದ ಜೊತೆಗೆ ಇನ್ನೊಂದನ್ನೂ ಕೇಳಿದ್ದರು: ತಮ್ಮ ಪ್ರೋತ್ಸಾಹಧನಕ್ಕೂ ಆರ್‌ಸಿಎಚ್ ಪೋರ್ಟಲಿಗೂ ಹಾಕಿರುವ ಗಂಟು ಬಿಚ್ಚಿ ಅಂತ. ಬಸುರಿಯ ಮನೆಗೆ ನಡೆದುಹೋದದ್ದು ಲೆಕ್ಕಕ್ಕಿಲ್ಲ, ಪೋರ್ಟಲಿನಲ್ಲಿ ಬಿದ್ದದ್ದೇ ಲೆಕ್ಕ ಅಂದರೆ ಯಾರಿಗೆ ತಲೆ ಕೆಡುವುದಿಲ್ಲ?

ನಮಗೆ ಬೇಕಾದ್ದು ಧ್ಯಾನದ ಶಿಬಿರವಲ್ಲ. (ಅದನ್ನೂ ಮಾಡಿಸಿದರು, ರಜೆಯ ದಿನ, ಹಾಜರಿ ಆ್ಯಪ್‌ನಲ್ಲಿ.) ಬರೆಯುವುದು ಒಂದೇ ಕಡೆ ಇರಲಿ, ಪಾಳಿ ಮುಗಿದ ಮೇಲೆ ಫೋನ್ ಬಾರದಿರಲಿ, ರಾತ್ರಿಗೆ ಇನ್ನಿಬ್ಬರು ಸಿಸ್ಟರುಗಳು ಬರಲಿ. ಮುಂದಿನ ಸಲ ಆಸ್ಪತ್ರೆಯಲ್ಲಿ ಬಿಲ್ಲಿನ ಬಗ್ಗೆ ಜಗಳಕ್ಕೆ ನಿಂತಾಗ ಇದನ್ನೂ ಕೇಳಿ: ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು?