ಕೊಳದಂಚಿಗೆ ಕಾಬಾಳೆ

ಹೊಂಡ, ಕೊಳಗಳ ಅಂಚಿನ ಕೆಸರುನೆಲವು ಯಾವ ಪ್ರಯೋಜನಕ್ಕೂ ಬಾರದೆಂದು ನಮ್ಮ ರೈತರು ಅದನ್ನು ಆಪಿಗೂ ಕಳೆಗೂ ಬಿಟ್ಟುಬಿಡುವುದು ವಾಡಿಕೆ. ಅಲ್ಲಿ ಹೂ ಬೇಕೆಂದು ಬಯಸುವ ಕೆಲವರಾದರೋ ನೀರಿನ ಮೇಲೆ ತೇಲುವ ವಾಟರ್ ಹಯಸಿಂತ್ ಗಿಡವನ್ನು ತಂದುಬಿಡುತ್ತಾರೆ. ಇದು ಸರ್ವಥಾ ಕೂಡದು. ದಕ್ಷಿಣ ಅಮೆರಿಕದ ಈ ಗಿಡವನ್ನು ಅದರ ತಿಳಿನೇರಳೆ ಹೂವಿಗೆ ಮರುಳಾಗಿಯೇ ದೇಶದೇಶಗಳಿಗೆ ಒಯ್ದರು; ವಂಗದೇಶದಲ್ಲಿ ಅದರ ಹಾವಳಿಯನ್ನು ತಡೆಯಲು 1936ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಇಂದಿಗೂ ಅದು ನಮ್ಮ ಕೆರೆಗಳನ್ನು ಬಿಟ್ಟಿಲ್ಲ.

ಇದಕ್ಕೆ ಬದಲು ಕಾಬಾಳೆಯನ್ನು ನೆಡುವುದು ಮೇಲೆಂದು ನನ್ನ ಅಭಿಪ್ರಾಯ. ಇದೂ ಅಮೆರಿಕ ಖಂಡದಿಂದ ಬಂದುದೇ. ಆದರೆ ನೆಲದಲ್ಲಿ ಬೇರೂರಿ ನಿಲ್ಲುವುದರಿಂದ ಗುದ್ದಲಿಗೆ ಸಿಕ್ಕುವುದು. ಬಚ್ಚಲ ಮೋರಿಯ ಬದಿಯಲ್ಲಿ ಇದನ್ನು ಬೆಳೆಸುವ ನಮ್ಮ ಹೆಂಗಸರಿಗೆ ಇದರ ಗುಣವು ಯಾವ ಇಲಾಖೆಯೂ ಹೇಳದೆಯೇ ತಿಳಿದಿದೆ. ಸಂಕ್ರಾಂತಿ ಕಳೆದ ಮೇಲೆ ಎರಡು ಮೂರು ಕಣ್ಣುಗಳುಳ್ಳ ಗೆಡ್ಡೆಯ ತುಂಡುಗಳನ್ನು 2 ಅಡಿ ಅಂತರದಲ್ಲಿ, 3 ಅಂಗುಲ ಆಳದಲ್ಲಿ ನೆಡತಕ್ಕದ್ದು. ಬೇಸಗೆಯಲ್ಲಿ ತೋಟದ ಇತರ ಹೂಗಿಡಗಳು ಬಾಡುವಾಗ, ಬುಡದಲ್ಲಿ ತೇವವಿರುವ ಕಾಬಾಳೆಯು ಆಳೆತ್ತರ ಬೆಳೆದು ಕೆಂಪು, ಹಳದಿ ಹೂಗಳನ್ನು ಬಿಡುವುದು. ಹೂ ಮುಗಿದ ದಂಟನ್ನು ಬುಡಕ್ಕೆ ಕೊಯ್ದರೆ ಹೊಸ ಮೊಳಕೆ ಏಳುವುದು. ಎರಡು ಮೂರು ವರ್ಷಗಳಿಗೊಮ್ಮೆ ಬುಡವನ್ನು ಅಗೆದು ಬಿಡಿಸದಿದ್ದರೆ ಹೂ ಕಡಮೆಯಾಗುವುದು.

ಕೆರೆಯ ಏರಿಯ ಮೇಲಾಗಲಿ ತೂಬಿನ ಬಾಯಲ್ಲಾಗಲಿ ಇದನ್ನು ನೆಡಲಾಗದು. ದಟ್ಟವಾದ ಪೊದೆಯು ಏರಿಯ ಬಿರುಕನ್ನು ಮರೆಮಾಡುವುದು, ನೀರಿನ ಹರಿವನ್ನೂ ತಡೆಯುವುದು. ಹೆಚ್ಚಾದ ಗೆಡ್ಡೆಗಳನ್ನು ಕಾಲುವೆಗೆ ಎಸೆಯದೆ ನೆರೆಯವರಿಗೆ ಕೊಡಿರಿ.